ವರ್ನನ್‌ನ ಏಳು ಕೆಗ್‌ಗಳು

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಒಂದು ಕಷ್ಟವಿದೆ. ಬದುಕಿರುವವನಾದರೆ ಒಂದಲ್ಲ ಒಂದು ದಿನ ಎಡವುತ್ತಾನೆ, ಬಾಯಿ ತಪ್ಪಿ ಏನೋ ಅಂದು ನಾಲ್ಕು ಜನರೆದುರು ಸಣ್ಣವನಾಗುತ್ತಾನೆ, ನಮ್ಮ ಹೊಟ್ಟೆ ತಣ್ಣಗಾಗುತ್ತದೆ. ಸತ್ತವನಿಗೆ ಆ ಅಪಾಯವಿಲ್ಲ. ದಿನದಿಂದ ದಿನಕ್ಕೆ ಒಳ್ಳೆಯವನಾಗುತ್ತಲೇ ಹೋಗುತ್ತಾನೆ. ಲೈಲ್ ಡಾರ್ನ್‌ಗೆ ಅರವತ್ತೇಳನೆಯ ವಯಸ್ಸಿನಲ್ಲಿ ಗಂಟುಬಿದ್ದದ್ದು ಇಂಥ ಎದುರಾಳಿ. ಹೆಸರು ವರ್ನನ್, ಊರವರ ಬಾಯಲ್ಲಿ ವರ್ನ್. ಲೈಲ್‌ನ ಹೆಂಡತಿ ಅರ್ಡಿಸ್‌ಳ ಮೊದಲ ಗಂಡ. ಮೂರು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ, ಮಣ್ಣು ಮಾಡಲು ಹಿಮ ಕೆರೆದು ಜಾಗ ಮಾಡಬೇಕಾದ ದಿನಗಳಲ್ಲಿ, ತೀರಿಕೊಂಡ.

ಲೈಲ್ ದೊಡ್ಡ ಸರೋವರದ ದಡದ ಮ್ಯಾನಿಟೊವಾಕ್ ಊರಿನ ಹಡಗುಕಟ್ಟೆಯಲ್ಲಿ ಮೂವತ್ತೆರಡು ವರ್ಷ ಪೈಪು ಜೋಡಿಸಿದವನು. ಅವನ ಮೊದಲ ಹೆಂಡತಿ ಚಳಿ ತಡೆಯಲಾರೆ ಎಂದು ಹೇಳಿ ಅರಿಜೋನಾಕ್ಕೆ ಹೋದವಳು ಬೇಸಿಗೆಯಲ್ಲೂ ವಾಪಸು ಬರಲಿಲ್ಲ. ಅರ್ಡಿಸ್‌ಳನ್ನು ಮದುವೆಯಾಗಿ ಅವಳ ಮನೆಗೆ ಬಂದ ದಿನವೇ ಅವನಿಗೆ ತಿಳಿಯಿತು, ಹಳೆಯ ಒಡೆಯ ಇನ್ನೂ ಮನೆ ಖಾಲಿ ಮಾಡಿಲ್ಲ. ಟೀವಿ ಎದುರಿನ ಕುರ್ಚಿ ಬೇರೆ ಯಾರದೋ ಬೆನ್ನಿಗೆ ತಕ್ಕಂತೆ ತಗ್ಗಾಗಿತ್ತು. ಹಿಮ ತಳ್ಳುವ ಯಂತ್ರ ಎಷ್ಟು ಎಳೆದರೂ ಶುರುವಾಗದಿದ್ದಾಗ ಅರ್ಡಿಸ್ ಅಡುಗೆಮನೆ ಕಿಟಕಿಯಿಂದ ಕೂಗಿದ್ದಳು: "ಎರಡು ಸಲ ಸುಮ್ನೆ ಎಳಿ ಲೈಲ್, ಮೂರನೇದು ಜೋರಾಗಿ. ವರ್ನ್ ಹಾಗೇ ಮಾಡ್ತಿದ್ದ." ಮೂರನೆಯದಕ್ಕೆ ಅದು ಶುರುವಾಯಿತು. ಲೈಲ್‌ಗೆ ಅದನ್ನು ಎತ್ತಿ ಸರೋವರಕ್ಕೆ ಎಸೆಯಬೇಕೆನಿಸಿತು.

ಆದರೆ ಕುರ್ಚಿಯೂ ಯಂತ್ರವೂ ಏನೇನೂ ಅಲ್ಲ. ಮುಳ್ಳು ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿನ ತೊಲೆಗೆ ಸಾಲಾಗಿ ಹನ್ನೊಂದು ನೀಲಿ ರಿಬ್ಬನ್ನುಗಳನ್ನು ಚುಚ್ಚಿತ್ತು. ಪ್ರತಿ ಆಗಸ್ಟ್‌ನಲ್ಲಿ ನಡೆಯುವ, ಜಿಲ್ಲೆಯ ಜಾತ್ರೆಯಂಥ ಕೌಂಟಿ ಮೇಳದಲ್ಲಿ ಮನೆಯಲ್ಲೇ ತಯಾರಿಸಿದ ಬಿಯರಿಗೆ ಸ್ಪರ್ಧೆಯುಂಟು. ಅದರಲ್ಲಿ ಬಾಕ್ ಎಂಬ ಕಪ್ಪನೆಯ, ದಪ್ಪನೆಯ, ಜರ್ಮನ್ ಅಜ್ಜಂದಿರ ಕಾಲದ ಬಿಯರಿಗೆ ಮೊದಲ ಬಹುಮಾನವಾಗಿ ಬಂದ ರಿಬ್ಬನ್ನುಗಳು ಅವು. ಆ ಹನ್ನೊಂದು ವರ್ಷವೂ ಎರಡನೆಯ ಬಹುಮಾನದ ಕೆಂಪು ರಿಬ್ಬನ್ ಯಾರಿಗೆ ಬಂದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಲೈಲ್ ತನ್ನವನ್ನು ರಟ್ಟಿನ ಡಬ್ಬದಲ್ಲಿಟ್ಟು ಟೇಪು ಹಾಕಿ ಮುಚ್ಚಿದ್ದ. ವರ್ನ್ ಸತ್ತ ಮೇಲೆ, ಎದುರಾಳಿಯಿಲ್ಲದ ಮೇಳಕ್ಕೆ ಅವನು ಬಾಟಲಿಯನ್ನೇ ಕೊಟ್ಟಿರಲಿಲ್ಲ.

ರಿಬ್ಬನ್ನುಗಳ ಕೆಳಗೆ ವರ್ನನ್‌ನ ಏಳು ಕೆಗ್‌ಗಳು. ಮನೆಯಲ್ಲಿ ಬಿಯರ್ ಮಾಡುವವರ ಕೆಗ್ ಎಂದರೆ ಕಾರ್ಖಾನೆಯ ದೊಡ್ಡ ಪೀಪಾಯಿಯಲ್ಲ. ಹಿಂದೆ ಹೋಟೆಲುಗಳಿಗೆ ತಂಪು ಪಾನೀಯದ ಪಾಕ ತುಂಬಿ ಕಳಿಸುತ್ತಿದ್ದ, ಹತ್ತೊಂಬತ್ತು ಲೀಟರ್ ಹಿಡಿಯುವ ಸ್ಟೀಲ್ ಡಬ್ಬಿ. ತಲೆಯ ಮೇಲೆ ಎರಡು ಮೂತಿ. ಒಂದರಿಂದ ಗ್ಯಾಸು ಒಳಗೆ, ಇನ್ನೊಂದರಿಂದ ಬಿಯರು ಹೊರಗೆ. ಪಾನೀಯ ಮಾರುವ ಎರಡು ದೊಡ್ಡ ಕಂಪನಿಗಳು ಒಂದಕ್ಕೊಂದು ಆಗಿಬರದೆ ಎರಡು ಬಗೆಯ ಮೂತಿ ಮಾಡಿಸಿದ್ದವು. ಒಂದು ಪಿನ್ ಮೂತಿ. ಅದರ ಪಕ್ಕೆಯಲ್ಲಿ ಮೊಳೆಯಂಥ ಪಿನ್ನುಗಳಿರುತ್ತವೆ, ಕೊಂಡಿಯನ್ನು ಒತ್ತಿ ತಿರುಗಿಸಿ ಸಿಕ್ಕಿಸಬೇಕು. ಇನ್ನೊಂದು ಬಾಲ್ ಮೂತಿ. ಅದು ನುಣುಪು, ಕೊಂಡಿಯೊಳಗಿನ ಸಣ್ಣ ಗುಂಡುಗಳೇ ಅದನ್ನು ಕಚ್ಚಿ ಹಿಡಿಯುತ್ತವೆ. ಕಂಪನಿಗಳು ಆ ಡಬ್ಬಿಗಳನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಜಗಳ ಮಾತ್ರ ಬಿಯರ್ ಮಾಡುವವರ ನೆಲಮಾಳಿಗೆಗೆ ಇಳಿದು ಬಂತು. ಇದರ ಕೊಂಡಿ ಅದಕ್ಕೆ ಕೂರುವುದಿಲ್ಲ, ಅದರದು ಇದಕ್ಕೆ ಕೂರುವುದಿಲ್ಲ.

ವರ್ನ್ ಪಿನ್ನಿನವನು. ಲೈಲ್ ಬಾಲಿನವನು. ಲೈಲ್ ಬರುವಾಗ ತನ್ನ ನಾಲ್ಕು ಕೆಗ್‌ಗಳ ಜೊತೆಗೆ ಡೀಪ್ ಫ್ರೀಜರನ್ನೂ ತಂದಿದ್ದ. ಅದಕ್ಕೆ ಮರದ ಕಟ್ಟು ಹಾಕಿ ನಾಲ್ಕು ನಲ್ಲಿ ಕೂರಿಸಿದ್ದು ಅವನೇ. ಒಳಗಿನ ಪೈಪುಗಳ ತುದಿಗೆಲ್ಲ ಬಾಲ್ ಕೊಂಡಿ. ವರ್ನನ್‌ನ ಕೆಗ್ಗನ್ನು ಒಳಗಿಟ್ಟರೆ ಅದು ಮುಖ ತಿರುಗಿಸಿಕೊಂಡ ನೆಂಟನಂತೆ ಕೂತಿರುತ್ತಿತ್ತು, ಅಷ್ಟೆ.

"ಇದಕ್ಯಾಕೆ ತಲೆ ಕೆಡಿಸ್ಕೋತೀಯ?" ಎಂದ ಹಾರ್ಲನ್. ಬಿಯರ್ ಕ್ಲಬ್ಬಿನ ಹಳೆಯ ಗೆಳೆಯ. ಶುಕ್ರವಾರದ ಮೀನೂಟ ಮುಗಿಸಿ, ಹಲ್ಲು ಚುಚ್ಚಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿದ್ದ. "ಪೈಪಿನ ತುದಿಗೆ ಸ್ಕ್ರೂ ಥರ ಬಿಚ್ಚೋ ಜೋಡಣೆ ಹಾಕ್ಬಿಡು ಮಾರಾಯ. ಬೇಕಾದಾಗ ಪಿನ್ ಕೊಂಡಿ, ಬೇಡವಾದಾಗ ಬಾಲ್ ಕೊಂಡಿ. ಎರಡೂ ನಡೆಯುತ್ತೆ."

"ನನ್ನ ಫ್ರೀಜರಲ್ಲಿ ಎರಡು ಥರ ನಡೆಯಲ್ಲ," ಎಂದ ಲೈಲ್.

"ಮತ್ತೇನ್ ಮಾಡ್ತೀಯ?"

"ಮೂತೀನೇ ಬದಲಾಯಿಸ್ತೀನಿ. ಏಳಕ್ಕೂ."

ಹಾರ್ಲನ್ ಹೊಟ್ಟೆ ಕುಣಿಸಿ ನಕ್ಕ. "ಪಾಪ, ವರ್ನ್! ಹೆಂಡ್ತೀನೂ ನಿನಗೆ ಬಿಟ್ಟುಹೋದ, ಕೆಗ್ಗೂ ಬಿಟ್ಟುಹೋದ. ಬಾಕ್ ಮಾಡೋ ವಿದ್ಯೆ ಒಂದನ್ನ ಮಾತ್ರ ಜೊತೇಲಿ ಒಯ್ದ ನೋಡು, ಕಳ್ಳ!"

ಗಾಯದ ಮೇಲೆ ಬರೆ ಎಳೆದಂತಾಯಿತು. ಲೈಲ್ ಕೂಡ ನಕ್ಕ. ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ ಎಂದು ನಕ್ಕ.

ಪಿನ್ ಮೂತಿ ಬಿಚ್ಚಲು ಮಾಮೂಲಿ ಸ್ಪ್ಯಾನರು ಹಿಡಿಯುವುದಿಲ್ಲ, ಪಿನ್ನುಗಳು ಅಡ್ಡ ಬರುತ್ತವೆ. ಲೈಲ್ ನಟ್ಟು ತಿರುಗಿಸುವ ಒಂದು ಉದ್ದನೆಯ ಸಾಕೆಟ್ಟನ್ನು ಮೇಜಿನ ಇಕ್ಕಳಕ್ಕೆ ಕಚ್ಚಿಸಿ, ಗ್ರೈಂಡರಿನಿಂದ ಅದರ ಬಾಯಿಗೆ ಕಚ್ಚು ಹಾಕಿ, ಪಿನ್ನುಗಳು ಒಳಗೆ ಕೂರುವಂತೆ ಮಾಡಿಕೊಂಡ. ಚೆಂದದ ಕೆಲಸ, ಮಾಡುವಾಗ ಸಿಳ್ಳೆ ಹಾಕುತ್ತಿದ್ದ. ವಾರಕ್ಕೊಂದರಂತೆ ಕೆಗ್ ಬಿಚ್ಚಿದ. ಹಳೆಯ ವಾಷರುಗಳನ್ನು ಕಿತ್ತ, ಒಳಗಿನ ಕೊಳವೆಗಳನ್ನು ಕುದಿಯುವ ನೀರಲ್ಲಿ ತೊಳೆದ, ಆ ಕೆಗ್ಗಿನ ಥ್ರೆಡ್ಡಿಗೆ, ಅಂದರೆ ತಿರುಪಿನ ಗೀರಿಗೆ, ಹೊಂದುವ ಬಾಲ್ ಮೂತಿ ಹುಡುಕಿ ತರಿಸಿ ಕೂರಿಸಿದ. ಒಂದಕ್ಕೆ ಅವಸರ ಮಾಡಿ ಹೊಂದದ ಮೂತಿಯನ್ನು ಬಲವಂತವಾಗಿ ತಿರುಗಿಸಿ ಅದರ ಥ್ರೆಡ್ಡು ತಿಂದುಹಾಕಿದ. ಮೂವತ್ತೆರಡು ವರ್ಷದ ಪೈಪಿನವನು ಮಾಡಬಾರದ ತಪ್ಪು. ಹೊಟ್ಟೆಕಿಚ್ಚಿನಲ್ಲಿ ಕೈ ಹಿಡಿತ ತಪ್ಪುತ್ತದೆ. ಬಿಚ್ಚಿದ ಪಿನ್ ಮೂತಿಗಳನ್ನೂ, ವರ್ನನ್ ಡ್ರಾಯರಿನಲ್ಲಿ ಜೋಡಿಸಿಟ್ಟಿದ್ದ ಪಿನ್ ಕೊಂಡಿಗಳನ್ನೂ ಒಂದು ಬಿಡದಂತೆ ಬಕೆಟ್ಟಿಗೆ ತುಂಬಿ ಗುಜರಿಯವನಿಗೆ ಕೊಟ್ಟುಬಂದ. ಆ ದಿನ ಮನೆಗೆ ಬರುವಾಗ ಕಾರಿನ ಕಿಟಕಿ ಇಳಿಸಿಕೊಂಡು ಬಂದ.

ಆರು ಕೆಗ್‌ಗಳು ಹೀಗೆ ಲೈಲ್‌ನವಾದವು. ಏಳನೆಯದು ಮೂಲೆಯ ಹಳೆಯ ಫ್ರಿಜ್ಜಿನಲ್ಲಿ ಒಂಟಿಯಾಗಿತ್ತು. ಅದು ತುಂಬಿದ ಕೆಗ್.

"ಅದೊಂದನ್ನ ಬಿಟ್ಟುಬಿಡು ಲೈಲ್," ಎಂದಿದ್ದಳು ಅರ್ಡಿಸ್, ಬಟ್ಟೆ ಒಗೆಯುವ ಯಂತ್ರದಿಂದ ತಲೆ ಎತ್ತದೆ.

"ಏನಿದೆ ಅದರಲ್ಲಿ?"

"ಬಾಕ್."

"ಮೂರು ವರ್ಷದ್ದಾ?"

"ಬಾಕ್ ಕೆಡಲ್ಲ. ಬಿಟ್ಟುಬಿಡು ಅಂದ್ನಲ್ಲ."

ಇಷ್ಟೇ ಮಾತು. ಆದರೆ ಲೈಲ್‌ಗೆ ಇಷ್ಟು ಸಾಕಾಯಿತು. ಅಲ್ಲಿಂದಾಚೆ ಅವನು ನೆಲಮಾಳಿಗೆಗೆ ಇಳಿದಾಗಲೆಲ್ಲ ಆ ಫ್ರಿಜ್ಜಿನ ಗೊರಗೊರ ಶಬ್ದ ಕೇಳುತ್ತಿದ್ದ. ಒಬ್ಬ ಹೆಂಗಸು ಸತ್ತ ಗಂಡನ ಕೊನೆಯ ಬಿಯರನ್ನು ಮೂರು ವರ್ಷ ಕರೆಂಟು ಉರಿಸಿ ಕಾಯುತ್ತಾಳೆ ಎಂದರೆ ಅದರ ಅರ್ಥ ಏನು? ತನ್ನ ಜೊತೆ ಎರಡು ವರ್ಷದಿಂದ ಊಟ ಮಾಡುತ್ತಿದ್ದಾಳೆ, ಚರ್ಚಿಗೆ ಬರುತ್ತಿದ್ದಾಳೆ, ಕಾಲು ನೋವಿಗೆ ಎಣ್ಣೆ ಹಚ್ಚುತ್ತಾಳೆ. ಇದೆಲ್ಲ ಮೇಲಿನ ಮನೆಯ ಸಂಸಾರ. ಕೆಳಗೆ, ತಣ್ಣಗೆ, ಬಾಗಿಲು ಹಾಕಿಕೊಂಡು, ಅವಳ ನಿಜವಾದ ಗಂಡ ಕೂತಿದ್ದಾನೆ. ಲೈಲ್‌ಗೆ ಬೇಕಾಗಿದ್ದದ್ದು ಒಂದೇ: ಅವಳು ತನ್ನವಳೋ ವರ್ನನ್‌ನವಳೋ ಎಂಬುದು ಗೊತ್ತಾಗಬೇಕು. ನೇರವಾಗಿ ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಮೇಳ ಹತ್ತಿರ ಬಂತು. ಈ ಸಲದ ತನ್ನ ಬಾಕನ್ನು ಲೋಟಕ್ಕೆ ಹಿಡಿದು ಅರ್ಡಿಸ್‌ಗೆ ಕೊಟ್ಟ. ಅವಳು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮುನ್ನೂರು ಮಕ್ಕಳಿಗೆ ಬೇಯಿಸಿದವಳು. ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು, ಒಂದು ಗುಟುಕು ಕುಡಿದಳು.

"ಚೆನ್ನಾಗಿದೆ."

"ಆದರೆ?"

"ಆದರೆ ಏನಿಲ್ಲ."

"ಹೇಳೇ."

"ಹುದುಗು ಬರೋವಾಗ ಸ್ವಲ್ಪ ಬಿಸಿ ಜಾಸ್ತಿ ಆಗಿದೆ ಅನ್ಸುತ್ತೆ. ಕೊನೇಲಿ ಬಾಳೆಹಣ್ಣಿನ ವಾಸನೆ ಬರ್ತಿದೆ. ಇನ್ನೆರಡು ಡಿಗ್ರಿ ತಣ್ಣಗಿಟ್ಟು, ಇನ್ನೊಂದು ತಿಂಗಳು ಬಿಡಬೇಕಿತ್ತು."

"ಇದು ವರ್ನ್ ಹೇಳ್ತಿದ್ದ ಮಾತಾ?"

ಅರ್ಡಿಸ್ ಅವನನ್ನು ಒಂದು ಗಳಿಗೆ ನೋಡಿದಳು. "ಹಾಗೇ ಅಂದ್ಕೋ," ಎಂದು ಲೋಟ ತೊಳೆಯಲು ಹೋದಳು.

ಎರಡು ಡಿಗ್ರಿಯಂತೆ! ಬಾಳೆಹಣ್ಣಂತೆ! ಗೋರಿಯಿಂದಲೂ ತಪ್ಪು ತಿದ್ದುತ್ತಾನೆ ಮುಂಡೇಗಂಡ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ, ಇಲ್ಲಿ ಎಮ್ಮೆ ಸತ್ತ ಮೇಲೂ ಕೊಟ್ಟಿಗೆಯಲ್ಲಿ ನಿಂತು ಒದೆಯುತ್ತಿತ್ತು. ಲೈಲ್ ಬಹಳ ಸಲ ಆ ಮನೆಯಲ್ಲಿ ವರ್ನನ್‌ನ ಬಾಕ್ ಪುಸ್ತಕ ಹುಡುಕಿದ್ದ. ಎಷ್ಟು ಧಾನ್ಯ, ಎಷ್ಟು ಹೊತ್ತು, ಎಷ್ಟು ಬಿಸಿ ಎಂದು ಎಲ್ಲಾದರೂ ಬರೆದಿಟ್ಟಿರಬೇಕಲ್ಲ? ಒಂದು ಚೀಟಿಯೂ ಸಿಕ್ಕಿರಲಿಲ್ಲ.

ಮೇಳಕ್ಕೆ ಬಾಟಲಿ ಕೊಡಲು ಎರಡು ದಿನ ಉಳಿದಿರುವಾಗ, ಬೆಳಗ್ಗೆ ಹತ್ತರ ಹೊತ್ತಿಗೆ, ಅರ್ಡಿಸ್ ಚರ್ಚಿನ ಹೆಂಗಸರ ಜೊತೆ ಚೆರ್ರಿ ಕಡುಬು ಮಾಡಲು ಹೊರಟಳು. ಕಾರು ತಿರುವು ದಾಟಿದ್ದೇ ತಡ, ಲೈಲ್ ನೆಲಮಾಳಿಗೆಗೆ ಇಳಿದ. ಒಂದೇ ಒಂದು ಗುಟುಕು ನೋಡುತ್ತೇನೆ, ಅಷ್ಟೆ, ಎಂದು ತನಗೆ ತಾನೇ ಹೇಳಿಕೊಂಡ. ಇಂಥ ಮಾತನ್ನು ಯಾರೂ ನಂಬುವುದಿಲ್ಲ, ಹೇಳಿಕೊಂಡವನೂ ನಂಬುವುದಿಲ್ಲ.

ಕೆಗ್ಗನ್ನು ಎತ್ತಿ ಬೆಳಕಿಗೆ ತಂದಿಟ್ಟು ನೋಡುತ್ತಾನೆ, ಪಿನ್ ಮೂತಿ. ಪಿನ್ ಕೊಂಡಿ ಒಂದೂ ಇಲ್ಲ. ತಾನೇ ಗುಜರಿಗೆ ಹಾಕಿ ಬಂದಿದ್ದಾನೆ. ವರ್ನನ್‌ನ ಬಿಯರು ಬೇಕಾದರೆ ವರ್ನನ್‌ನ ಬಾಗಿಲಿಂದಲೇ ಬಾ ಎಂದು ಕೆಗ್ ನಗುತ್ತಿದ್ದಂತಿತ್ತು. ಲೈಲ್‌ನ ಕಿವಿ ಕೆಂಪಾಯಿತು. ಸಾಕೆಟ್ ತೆಗೆದ. ಮೊದಲು ಒಳಗಿನ ಒತ್ತಡ ಇಳಿಸಬೇಕು. ಹಳೆಯ ಪಿನ್ ಕೆಗ್ಗಿನ ಮುಚ್ಚಳದಲ್ಲಿ ಅದಕ್ಕೆ ಉಂಗುರ ಇರುವುದಿಲ್ಲ. ಗ್ಯಾಸಿನ ಮೂತಿಯ ನಡುವಿನ ಗುಬುಟಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದ. ಬುಸ್ಸೆಂದು ಗ್ಯಾಸು ಹೊರಬಿತ್ತು, ಅದರ ಜೊತೆಗೆ ವಾಸನೆ ಬಂತು. ಒಣದ್ರಾಕ್ಷಿ, ಕಂದು ಬಣ್ಣ ಬರುವಂತೆ ಸುಟ್ಟ ಬ್ರೆಡ್ಡಿನ ಅಂಚು, ಎಲ್ಲೋ ಹಿಂದೆ ಕಾಕಂಬಿ. ಲೈಲ್‌ನ ಕೈ ಒಂದು ಕ್ಷಣ ನಿಂತಿತು.

ಎರಡೂ ಮೂತಿ ಬಿಚ್ಚಿ, ಏಳಕ್ಕೂ ಎಂದು ಮೊದಲೇ ತರಿಸಿಟ್ಟಿದ್ದ ಬಾಲ್ ಮೂತಿ ಕೂರಿಸಿದ. ಹೊಸ ವಾಷರು, ಹದವಾದ ಬಿಗಿ, ಒಂದು ಹನಿ ಸೋರಲಿಲ್ಲ. ಗ್ಯಾಸು ಕೊಟ್ಟು, ಪೈಪಿನ ತುದಿಯಿಂದ ಲೋಟಕ್ಕೆ ಹಿಡಿದು ಕುಡಿದ.

ಹನ್ನೊಂದು ವರ್ಷದ ಸೋಲು ನಾಲಿಗೆಯ ಮೇಲೆ ಬಂತು. ತನ್ನ ಬಾಕ್ ಚೆನ್ನಾಗಿರುತ್ತದೆ ಎಂದು ಅವನಿಗೆ ಗೊತ್ತು. ಇದು ಚೆನ್ನಾಗಿರುವುದರ ಆಚೆ ಇತ್ತು. ಸಿಹಿ ಬಂತು, ಬಂದದ್ದು ಗೊತ್ತಾಗುವ ಮೊದಲೇ ಸಣ್ಣ ಕಹಿಯೊಂದು ಅದನ್ನು ಒರೆಸಿಕೊಂಡು ಹೋಯಿತು. ಮತ್ತೊಂದು ಗುಟುಕು ಬೇಕೆನಿಸಿತು. ಎರಡನೆಯ ಲೋಟ ಕುಡಿದು, ಲೈಲ್ ಮರದ ಪೆಟ್ಟಿಗೆಯ ಮೇಲೆ ಕೂತು, ಮುದುಕ ಗಂಡಸು, ಕಣ್ಣೊರೆಸಿಕೊಂಡ. ದುಃಖಕ್ಕಲ್ಲ, ಅಸೂಯೆಗೆ. ಇದನ್ನು ಮಾಡಿದವನನ್ನು ಮರೆಯಲು ಯಾವ ಹೆಂಗಸಿಗೆ ತಾನೇ ಸಾಧ್ಯ?

ಆಮೇಲೆ ಅವನು ಮಾಡಿದ್ದನ್ನು ಹೇಳಲು ನನಗೇ ನಾಚಿಕೆ. ಪೈಪಿನ ತುದಿಯನ್ನು ನೆಲದ ನೀರುಕಂಡಿಗೆ ಇಳಿಬಿಟ್ಟು ನಲ್ಲಿ ತೆರೆದ. ಏನು ಹೇಳಬೇಕೆಂಬುದೂ ಸಿದ್ಧವಾಗಿತ್ತು: ವಾಷರು ಹಳೆಯದಾಗಿತ್ತು, ಸೋರಿತು. ಕೆಗ್ ಇಟ್ಟುಕೊಂಡ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ಸಲ ಇದು ಆಗಿದೆ. ಬೆಳಗ್ಗೆ ಎದ್ದು ನೋಡಿದರೆ ತುಂಬಿದ್ದ ಕೆಗ್ ಬರಿದು, ನೆಲವೆಲ್ಲ ಅಂಟು. ಯಾರೂ ಅನುಮಾನಪಡುವುದಿಲ್ಲ, "ಅಯ್ಯೋ ಪಾಪ" ಎನ್ನುತ್ತಾರೆ. ಕಪ್ಪು ಬಿಯರು ಗುಳುಗುಳು ಇಳಿಯುತ್ತಿತ್ತು. ಹತ್ತೊಂಬತ್ತು ಲೀಟರ್ ವರ್ನ್ ಮ್ಯಾನಿಟೊವಾಕ್‌ನ ಚರಂಡಿಗೆ ಹೋಗುತ್ತಿದ್ದ.

ಎಷ್ಟು ಉಳಿದಿದೆ ಎಂದು ನೋಡಲು ಲೈಲ್ ಕೆಗ್ಗನ್ನು ತಬ್ಬಿ ಎತ್ತಿ ಓರೆ ಮಾಡಿದ. ತಳದಲ್ಲಿ ಕಾಗದದ ಟೇಪು ಅಂಟಿಸಿತ್ತು, ಅದರ ಮೇಲೆ ಪೆನ್ಸಿಲ್ಲಿನ ಬರಹ. ಮಾಲ್ಟು ಇಷ್ಟು, ಹಾಪ್ಸು ಹೂವು ಇಷ್ಟು, ಕುದಿಸಿದ್ದು ಇಷ್ಟು ಹೊತ್ತು. ಕೆಳಗೆ ತಾರೀಖು: ಮೇ ಹನ್ನೊಂದು. ಇಸವಿ ನೋಡಿದ. ಮತ್ತೊಮ್ಮೆ ನೋಡಿದ. ಆ ವರ್ಷದ ಮೇ ಹನ್ನೊಂದಕ್ಕೆ ವರ್ನನ್ ಮಣ್ಣಿಗೆ ಹೋಗಿ ಎರಡು ತಿಂಗಳಾಗಿತ್ತು. ದುಂಡನೆಯ ಅಕ್ಷರ, ಹೊಟ್ಟೆಗೆ ಗೀಟು ಹಾಕಿದ ಏಳರ ಅಂಕಿ. ಇದೇ ಅಕ್ಷರ ಮೇಲೆ ಅಡುಗೆಮನೆಯ ಜಾಮ್ ಬಾಟಲಿಗಳ ಮೇಲಿತ್ತು, ಅಂಗಡಿ ಸಾಮಾನಿನ ಚೀಟಿಯಲ್ಲಿತ್ತು.

ಲೈಲ್ ಎಡವಿಬಿದ್ದು ನಲ್ಲಿ ನಿಲ್ಲಿಸಿದ.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಕಡುಬಿನ ತಟ್ಟೆಯನ್ನು ಮರೆತು ಹೋಗಿದ್ದ ಅರ್ಡಿಸ್, "ಲೈಲ್, ಆ ದೊಡ್ಡ ತಟ್ಟೆ ಎಲ್ಲಿದೆ?" ಎನ್ನುತ್ತ ಇಳಿದು ಬಂದವಳು ಕೊನೆಯ ಮೆಟ್ಟಿಲಲ್ಲಿ ನಿಂತಳು. ನೀರುಕಂಡಿಯ ಸುತ್ತ ಕಂದು ನೊರೆ. ಮಾಲ್ಟಿನ ವಾಸನೆ ಮನೆ ತುಂಬ.

"ವಾಷರು ಸೋರಿತು," ಎಂದ ಲೈಲ್. ನಿಜ ಗೊತ್ತಾದ ಮೇಲೂ ಬಾಯಿ ಮೊದಲೇ ಕಲಿತಿದ್ದನ್ನೇ ಒಪ್ಪಿಸಿತು.

ಅರ್ಡಿಸ್ ಕೆಗ್ಗಿನ ತಲೆ ನೋಡಿದಳು. "ಹೊಸ ಮೂತಿ ಹಾಕೋಕೆ ಮುಂಚೆ ಸೋರಿತೋ, ಹಾಕಿದ ಮೇಲೋ?"

ಅವಳು ಪೆಟ್ಟಿಗೆಯ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ತಳದಲ್ಲಿ ತಾರೀಖು ನೋಡಿದೆ," ಎಂದ ಕೊನೆಗೆ. "ಇದು... ನೀನು ಮಾಡಿದ್ದಾ?"

"ಹೂಂ."

"ಇದೊಂದೇನಾ?"

ಅರ್ಡಿಸ್ ತೊಲೆಯ ಕಡೆ ತಲೆ ಎತ್ತಿದಳು. "ವರ್ನ್ ಬಣ್ಣದ ಕಾರ್ಖಾನೇಲಿದ್ದ. ನಲವತ್ತಕ್ಕೇ ಮೂಗು ಸತ್ತುಹೋಗಿತ್ತು. ಹಾಲು ಸೀದು ಹೋದ್ರೂ ಅವನಿಗೆ ಗೊತ್ತಾಗ್ತಿರ್ಲಿಲ್ಲ. ಪೈಪು ಹಾಕೋನು, ಭಾರ ಎತ್ತೋನು, ಪಾತ್ರೆ ತೊಳೆಯೋನು. ಮಾಡ್ತಿದ್ದಿದ್ದು ನಾನು."

"ಹನ್ನೊಂದೂನಾ?"

"ಹನ್ನೊಂದೂ. ಮೊದಲ ಸಲ ತಮಾಷೆಗೆ ಅವನ ಹೆಸರು ಬರೆದ್ವಿ. ಕ್ಲಬ್ಬಲ್ಲಿ ಆಗ ಹೆಂಗಸರು ಯಾರಿದ್ರು ಹೇಳು. ರಿಬ್ಬನ್ ಬಂತು. ಆ ಮನುಷ್ಯ ಎಷ್ಟು ಹಿಗ್ಗಿಹೋದ ಅಂದ್ರೆ, ಅದನ್ನ ಅವನ ಕೈಯಿಂದ ಕಿತ್ಕೊಳ್ಳೋಕೆ ನನಗೆ ಮನಸ್ಸು ಬರ್ಲಿಲ್ಲ. ಕೊನೇ ಚಳಿಗಾಲದಲ್ಲಿ ಮಂಚದ ಎದುರು ಅವನ್ನೆಲ್ಲ ತೂಗು ಹಾಕಿಸ್ಕೊಂಡಿದ್ದ. ಅಷ್ಟು ಹೊತ್ತಿಗೆ ಅದೆಲ್ಲ ತಾನೇ ಮಾಡಿದ್ದು ಅಂತ ಅವನೂ ನಂಬಿಬಿಟ್ಟಿದ್ದ, ಪಾಪ."

ಲೈಲ್‌ಗೆ ಮೊದಲು ಬಂದದ್ದು ನಾಚಿಕೆಯಲ್ಲ, ಖುಷಿ. ಬಿದ್ದ! ವರ್ನ್ ಬಿದ್ದ! ಹಾಲು ಸೀದದ್ದು ಗೊತ್ತಾಗದವನಂತೆ! ಹಾರ್ಲನ್‌ಗೆ ಹೇಳಬೇಕು, ಕ್ಲಬ್ಬಿನಲ್ಲಿ ಎದ್ದು ನಿಂತು ಹೇಳಬೇಕು. ಆ ಖುಷಿ ಎರಡು ಉಸಿರು ಇದ್ದಿರಬಹುದು. ಮೂರನೆಯ ಉಸಿರಿಗೆ, ಹಾಗಾದರೆ ತನ್ನನ್ನು ಹನ್ನೊಂದು ಸಲ ಸೋಲಿಸಿದವಳು ಎದುರಿಗೆ ಕೂತಿದ್ದಾಳೆ ಎಂಬುದು ಹೊಳೆಯಿತು. ಕಿಚ್ಚು ಆರಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ.

"ಎರಡು ವರ್ಷ ಒಂದು ಮಾತೂ ಹೇಳಲಿಲ್ಲ ನೀನು," ಎಂದ. ದನಿ ಗಟ್ಟಿಯಾಗಿತ್ತು.

"ಇದನ್ನ ನನ್ನ ಹೆಸರಲ್ಲೇ ಕೊಡೋಣ ಅಂತ ಮಾಡಿದ್ದು. ಒಬ್ಬಳೇ, ಆ ದೊಡ್ಡ ಪಾತ್ರೆ ಎತ್ತಿಕೊಂಡು. ಜೂನ್‌ನಲ್ಲಿ ನೀನು ಬಂದೆ, ವರ್ನ್‌ನ ಕೆಗ್ ಮಾರ್ತೀಯಾ ಅಂತ ಕೇಳ್ಕೊಂಡು. ನೆನಪಿದೆಯಾ? ಮೂರು ಗಂಟೆ ಕೂತು ಕಡುಬು ತಿಂದು ಬರೀ ವರ್ನ್‌ನ ಬೈದೆ. ಆ ವರ್ಷ ಅವನಿಂದ ಸೋತೆ, ಈ ವರ್ಷ ಅವನಿಂದ ಸೋತೆ ಅಂತ. ನೀನು ನನಗೆ ಇಷ್ಟ ಆಗಿದ್ದೆ." ಅರ್ಡಿಸ್ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಸತ್ತವನ ಮೇಲಿನ ಹೊಟ್ಟೆಕಿಚ್ಚು ಎಷ್ಟು ದಿನ ಇದ್ದೀತು, ಆರಿಹೋಗುತ್ತೆ ಅಂದ್ಕೊಂಡೆ. ಬದುಕಿರೋಳ ಮೇಲಾದ್ರೆ ಕಷ್ಟ ಲೈಲ್. ಒಂದೇ ಮಂಚದಲ್ಲಿ ಮಲಗಬೇಕಲ್ಲ ಇಬ್ಬರೂ."

ಲೈಲ್‌ಗೆ ಕೂರಲು ಇನ್ನೊಂದು ಪೆಟ್ಟಿಗೆ ಇರಲಿಲ್ಲ. ನಿಂತೇ ಇದ್ದ. ಅವಳು ತನ್ನವಳೋ ಅಲ್ಲವೋ ಎಂದು ತಿಳಿಯಲು ಎರಡು ವರ್ಷ ಒದ್ದಾಡಿದ್ದಕ್ಕೆ ಉತ್ತರ ಅವನ ಕಾಲ ಬಳಿ ಚರಂಡಿಗೆ ಇಳಿದು ಹೋಗಿತ್ತು.

"ಎಷ್ಟು ಉಳಿದಿದೆ?" ಎಂದಳು.

ಎತ್ತಿ ತೂಗಿದ. "ಐದು ಲೀಟರ್ ಇರಬಹುದು."

"ಸ್ಪರ್ಧೆಗೆ ಎರಡು ಬಾಟಲಿ ಸಾಕು. ಬಾಟಲಿ ತೊಳಿ ಹೋಗು. ನೊರೆ ಬರದ ಹಾಗೆ ನಿಧಾನ ತುಂಬಬೇಕು, ನಾನು ತುಂಬ್ತೀನಿ."

"ನಾನೂ ಬಾಕ್ ಸ್ಪರ್ಧೆಗೇ ಹೆಸರು ಕೊಟ್ಟಿದ್ದೀನಿ."

"ಕೊಡು. ಯಾರು ಬೇಡ ಅಂದ್ರು?" ಎದ್ದು ನಿಂತಳು. "ಇನ್ನೊಂದು ಮಾತು. ಇದು ನಂದು ಅಂತ ಹೇಳ್ತೀನಿ. ಹಿಂದಿನ ಹನ್ನೊಂದು ವರ್ನ್‌ಗೇ ಇರಲಿ. ಯಾರ ಹತ್ರಾನೂ ಬಾಯಿ ಬಿಡಬೇಡ. ಸತ್ತವನ ಎದೆ ಮೇಲಿಂದ ಕಿತ್ಕೊಂಡು ನಾನೇನ್ ಮಾಡ್ಲಿ?"

"ನೀನು ಮಾಡಿದ್ದಲ್ವೇ ಅದು?"

"ಮಾಡಿದ್ದು ನಾನು. ಕೊಟ್ಟಿದ್ದೂ ನಾನೇ," ಎಂದಳು ಅರ್ಡಿಸ್.

"ಮತ್ತೆ, ಇನ್ನು ಮೇಲೆ ಬುಧವಾರ ಶನಿವಾರ ಬಿಯರ್ ಕುದಿಸೋ ಒಲೆ ನಂದು," ಎಂದು ಮೆಟ್ಟಿಲು ಹತ್ತಿದಳು. ದೊಡ್ಡ ತಟ್ಟೆಯನ್ನು ಅವಳೇ ಹುಡುಕಿಕೊಂಡಳು.

ಮೇಳದ ಶನಿವಾರ ಬಿಸಿಲು ಚೆನ್ನಾಗಿತ್ತು. ಹಂದಿಮರಿಗಳ ಕೊಟ್ಟಿಗೆ ದಾಟಿ, ಸಾಸೇಜು ಸುಡುವ ಹೊಗೆ ದಾಟಿ, ಬಿಯರಿನ ಬಿಳಿ ಡೇರೆಗೆ ಇಬ್ಬರೂ ನಡೆದು ಹೋದರು. ತೀರ್ಪುಗಾರರಿಗೆ ಹೆಸರು ಗೊತ್ತಿರುವುದಿಲ್ಲ, ಲೋಟಕ್ಕೆ ನಂಬರು ಮಾತ್ರ. ಫಲಿತಾಂಶದ ಚೀಟಿಗಳನ್ನು ಆಗಲೇ ಅಂಟಿಸಿತ್ತು. ಬಾಕ್, ಮೊದಲನೆಯದು: ಅರ್ಡಿಸ್ ಡಾರ್ನ್. ಎರಡನೆಯದು: ಲೈಲ್ ಡಾರ್ನ್.

ಹನ್ನೆರಡನೆಯ ಕೆಂಪು ರಿಬ್ಬನ್. ಲೈಲ್‌ಗೆ ನೋವಾಯಿತು. ಆಗಲಿಲ್ಲ ಎಂದರೆ ಸುಳ್ಳು. ಕತ್ತು ನೋಯುವಷ್ಟು ಹೊತ್ತು ಆ ಎರಡು ಹೆಸರುಗಳನ್ನೇ ನೋಡಿದ.

ಹಾರ್ಲನ್ ದೂರದಿಂದಲೇ ಕೈ ಚಾಚಿಕೊಂಡು ಬಂದ. ಸ್ಪರ್ಧೆಯಲ್ಲಿ ಲೋಟಕ್ಕೆ ಸುರಿಯುವ ಕೆಲಸ ಅವನದು, ಬಾಟಲಿಯಲ್ಲಿ ಉಳಿದದ್ದನ್ನು ಕುಡಿಯುವ ಹಕ್ಕೂ ಅವನದೇ. ಅವನ ಹಿಂದೆ ಕ್ಲಬ್ಬಿನ ಇನ್ನೂ ಐದಾರು ಮಂದಿ.

"ಅರ್ಡಿಸ್! ಏನಮ್ಮಾ ಇದು! ನಮ್ಮನ್ನೆಲ್ಲ ಮಲಗಿಸಿಬಿಟ್ಟೆಯಲ್ಲ! ಯಾವಾಗ ಕಲಿತೆ? ವರ್ನ್ ಹೇಳಿಕೊಟ್ನಾ?"

"ನಾನೂ ಅವನ ಜೊತೇಲಿ ಕೆಳಗೆ ಇರ್ತಿದ್ನಲ್ಲ," ಎಂದಳು ಅರ್ಡಿಸ್.

"ಅದೇ ಅಂದ್ಕೊಂಡೆ. ಗುರುವಿನ ಕೈ ಗೊತ್ತಾಗುತ್ತೆ." ಹಾರ್ಲನ್ ಕೈಯಲ್ಲಿದ್ದ ಲೋಟದಿಂದ ಒಂದು ಗುಟುಕು ಹೀರಿ, ತುಟಿ ಚಪ್ಪರಿಸಿ, ತಲೆ ಓರೆ ಮಾಡಿದ. "ಬೇಜಾರು ಮಾಡ್ಕೋಬೇಡ ಅರ್ಡಿಸ್, ತುಂಬಾ ಚೆನ್ನಾಗಿದೆ. ಆದರೂ ಹೇಳ್ಬೇಕಲ್ಲ... ವರ್ನ್‌ದು ವರ್ನ್‌ದೇ. ಆ ಕೊನೇ ಕಹಿ ಇತ್ತಲ್ಲ, ಅದು ಅವನ ಕೈಗೆ ಮಾತ್ರ ಬರ್ತಿತ್ತು. ಹೌದೋ ಅಲ್ವೋ ಲೈಲ್? ಅವನ ಹತ್ರ ಹನ್ನೊಂದು ಸಲ ಪೆಟ್ಟು ತಿಂದೋನು ನೀನು, ನೀನು ಹೇಳು."

ಐದಾರು ಮುಖಗಳು ಲೈಲ್ ಕಡೆ ತಿರುಗಿದವು. ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಒಂದೇ ವಾಕ್ಯ. ಆ ಮುಂಡೇಗಂಡನಿಗೆ ಹಾಲು ಸೀದದ್ದು ಗೊತ್ತಾಗುತ್ತಿರಲಿಲ್ಲ ಕಣ್ರೋ, ನೀವೆಲ್ಲ ಇಷ್ಟು ವರ್ಷ ಹೊಗಳಿದ್ದು ಇವಳನ್ನ. ಹೇಳಿದರೆ ಮುಗಿಯಿತು, ವರ್ನ್ ಎರಡನೆಯ ಸಲ ಸಾಯುತ್ತಾನೆ, ಈ ಸಲ ಪೂರ್ತಿ. ಹೇಳಿದರೆ ಅರ್ಡಿಸ್‌ಗೂ ನ್ಯಾಯವೇ ಆಗುತ್ತದಲ್ಲ ಎಂದು ಹೊಟ್ಟೆಯೊಳಗಿನ ಕಿಚ್ಚು ವಕೀಲನಂತೆ ವಾದಿಸಿತು.

ಅರ್ಡಿಸ್ ಅವನನ್ನು ನೋಡುತ್ತಿರಲಿಲ್ಲ. ತನ್ನ ನೀಲಿ ರಿಬ್ಬನ್ನಿನ ಸುಕ್ಕನ್ನು ಹೆಬ್ಬೆರಳಿನಿಂದ ನೀವುತ್ತಿದ್ದಳು.

"ಹೌದು," ಎಂದ ಲೈಲ್. "ವರ್ನ್‌ದೇ ಬೇರೆ. ಅಂಥ ಬಾಕ್ ನಾನು ಇನ್ನೆಲ್ಲೂ ಕುಡಿದಿಲ್ಲ."

"ಅಬ್ಬಾ! ಬಾಯಿಂದ ಬಂತಲ್ಲಪ್ಪ ಕೊನೆಗೂ!" ಎಂದು ಹಾರ್ಲನ್ ಅವನ ಬೆನ್ನಿಗೆ ಗುದ್ದಿದ. ಎಲ್ಲರೂ ನಕ್ಕರು. ವರ್ನನ್‌ನ ಹೆಸರಿನಲ್ಲಿ ಲೋಟಗಳನ್ನು ಎತ್ತಿದರು. ಲೈಲ್ ಕೂಡ ಎತ್ತಿದ.

ಅವರೆಲ್ಲ ಸಾಸೇಜಿನ ಕಡೆ ಹೊರಟ ಮೇಲೆ ಅರ್ಡಿಸ್ ತಲೆ ಎತ್ತಿ ಲೈಲ್‌ನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು, ಜನ ಓಡಾಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ. ಈ ನೋಟ ವರ್ನನ್‌ಗೂ ಯಾವತ್ತಾದರೂ ಸಿಕ್ಕಿತ್ತಾ ಎಂದು ಕೇಳಲು ಲೈಲ್‌ನ ನಾಲಿಗೆ ತುರಿಸಿತು. ಕೇಳಲಿಲ್ಲ.